ಪೇಸ್ ನಡೆದ ದಾರಿಯಲ್ಲಿ ಒಂದು ಹಗಲು

ಹೊಸಪೇಟೆ ಬಸ್ ನಿಲ್ದಾಣದಿಂದ ಹಂಪಿಗೆ 13 ಕಿ.ಮೀ. ಬಸ್ಸಿನಲ್ಲಿ ಕೂತರೆ ಅರ್ಧ ಗಂಟೆಯ ಹಾದಿ. ಐನೂರು ವರ್ಷಗಳ ಹಿಂದೆ, 1520ರ ಆಸುಪಾಸಿನಲ್ಲಿ, ದೊಮಿಂಗೊ ಪೇಸ್ ಎಂಬ ಪೋರ್ಚುಗೀಸ್ ಪ್ರವಾಸಿ ಇದೇ ಸೀಮೆಯಲ್ಲಿ ಹಾದುಹೋದ. ಆಗ ಹೊಸಪೇಟೆಯ ಹೆಸರು ನಾಗಲಾಪುರ. ಕೃಷ್ಣದೇವರಾಯ ಹೊಸದಾಗಿ ಕಟ್ಟಿಸಿದ ಪಟ್ಟಣ. ಅಲ್ಲಿಂದ ವಿಜಯನಗರದವರೆಗೆ ಅಗಲವಾದ ರಸ್ತೆಯಿತ್ತು, ರಸ್ತೆಯ ಎರಡೂ ಮಗ್ಗುಲಲ್ಲಿ ಸಾಲುಮನೆ, ಸಾಲು ಅಂಗಡಿ, ದಾರಿಹೋಕರಿಗೆ ನೆರಳಾಗಲೆಂದು ರಾಯನೇ ನೆಡಿಸಿದ ಮರಗಳಿದ್ದವು ಎಂದು ಪೇಸ್ ಬರೆದಿಟ್ಟಿದ್ದಾನೆ. ಈ ದಾರಿಯಲ್ಲಿ ರಾಯ ಚೆಂದದ ಕಲ್ಲುಗುಡಿಯೊಂದನ್ನು ಕಟ್ಟಿಸಿದ್ದನ್ನೂ ಹೇಳುತ್ತಾನೆ. ಇವತ್ತು ಹೊಸಪೇಟೆ ದಾಟುತ್ತಿದ್ದಂತೆ ಸಿಗುವುದು ಅನಂತಶಯನಗುಡಿ, 1524ರದು. ಗರ್ಭಗುಡಿಯ ಪೀಠ ಉದ್ದಕ್ಕೆ ಮಲಗಿದೆ, ದೇವರಿಲ್ಲ. ದೇವರು ಹಡಗಲಿ ಸೀಮೆಯ ಹೊಳಲಿನಲ್ಲೇ ಉಳಿದುಬಿಟ್ಟ ಕತೆಯನ್ನು ಈ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ.

ಹಂಪಿಗೆ ಬರುವವರಲ್ಲಿ ಹೆಚ್ಚಿನವರು ಒಂದೇ ದಿನದವರು. ಬೆಳಿಗ್ಗೆ ಹೊಸಪೇಟೆಯಲ್ಲಿ ರೈಲಿಳಿದು, ಒಗ್ಗರಣಿ-ಮಿರ್ಚಿ ತಿಂದು, ಆಟೊ ಹಿಡಿದು, ಸಂಜೆಯೊಳಗೆ ಎಲ್ಲ ನೋಡಿ ಮುಗಿಸಬೇಕೆಂಬ ತರಾತುರಿ. ವಿಶ್ವ ಪರಂಪರೆಯ ಪಟ್ಟಿಗೆ 1986ರಲ್ಲಿ ಸೇರಿದ ಈ ಪ್ರದೇಶದ ಹರವು 41 ಚದರ ಕಿ.ಮೀ.ಗೂ ಹೆಚ್ಚು. ಬಂಡೆ, ಬಿಸಿಲು, ಮೆಟ್ಟಿಲು. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು, ಎಲ್ಲ ಕಂಬವೂ ಒಂದೇ ಕಂಬದಂತೆ, ಎಲ್ಲ ಗುಡಿಯೂ ಒಂದೇ ಗುಡಿಯಂತೆ ಕಾಣತೊಡಗುತ್ತದೆ. ಈ ದಣಿವಿಗೆ ನನಗೆ ಗೊತ್ತಿರುವ ಮದ್ದು ಒಂದೇ: ಊರು ಊರಾಗಿದ್ದಾಗ ಇಲ್ಲಿ ಸುತ್ತಿ ದಣಿದವರನ್ನು ಜೊತೆಗೆ ಕರೆದುಕೊಂಡು ಹೋಗುವುದು. ಅವರ ಪಾಲಿಗೆ ಇದು ಪರದೇಶದ ಪಟ್ಟಣ. ನಮ್ಮವರಿಗೆ ದಿನನಿತ್ಯದ್ದಾಗಿದ್ದ ಹೂವಿನಂಗಡಿ, ಎತ್ತಿನ ಸಾಲು, ವೀಳ್ಯದೆಲೆ ಅವರಿಗೆ ಬೆರಗು. ಆ ಬೆರಗನ್ನು ಅವರು ಬರೆದಿಟ್ಟದ್ದರಿಂದಲೇ ಅಂದಿನ ಸಂತೆಯ ಗದ್ದಲ ಇಷ್ಟಾದರೂ ನಮಗೆ ಕೇಳಿಸುತ್ತಿದೆ.

ಹೀಗೆ ಬಂದವರು ಹಲವರು. ವೆನಿಸ್ಸಿನ ವರ್ತಕ ನಿಕೊಲೊ ಕಾಂಟಿ 1420ರ ಸುಮಾರಿಗೆ ಬಂದ. ಪಟ್ಟಣದ ಸುತ್ತಳತೆ 60 ಮೈಲಿ ಎಂದ. ಪರ್ಷಿಯಾ ಕಡೆಯ ಹೆರಾತಿನ ದೊರೆ ಶಾಹರುಖನ ರಾಯಭಾರಿ ಅಬ್ದುರ್ ರಜಾಕ್ 1443ರ ಏಪ್ರಿಲ್ ಕೊನೆಯಲ್ಲಿ ಮುಟ್ಟಿದ. ಅವನು ಕಲ್ಲಿಕೋಟೆಯಲ್ಲಿ ಇದ್ದಾನೆಂದು ತಿಳಿದು ಇಮ್ಮಡಿ ದೇವರಾಯನೇ ಕರೆಸಿಕೊಂಡದ್ದು. ಮಂಗಳೂರಿಗೆ ಬಂದು, ಘಟ್ಟ ಹತ್ತಿ, ಬಳ್ಳಾರಿ ಸೀಮೆಯ ಕಡುಬೇಸಿಗೆಯಲ್ಲಿ ಇಲ್ಲಿಗೆ ತಲುಪಿದ. ಪೇಸನ ನಂತರ 1535ರ ಸುಮಾರಿಗೆ ಬಂದ ಫೆರ್ನಾವ್ ನೂನಿಜ್ ಕುದುರೆ ವ್ಯಾಪಾರಿ. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂಬ ಲೆಕ್ಕ ಅವನು ಕೊಟ್ಟದ್ದು. ಪೇಸ್ ಮತ್ತು ನೂನಿಜರ ಬರಹ ಬಹುಕಾಲ ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿ ಹಸ್ತಪ್ರತಿಯಾಗಿಯೇ ಉಳಿದಿತ್ತು. ಡೇವಿಡ್ ಲೋಪೆಸ್ 1897ರಲ್ಲಿ ಅದನ್ನು ಅಚ್ಚು ಹಾಕಿಸಿದ. ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಕನ್ನಡದಲ್ಲಿ ಈ ಪ್ರವಾಸಿಗಳನ್ನೆಲ್ಲ ಒಟ್ಟುಗೂಡಿಸಿ ಕೊಟ್ಟವರು ಎಚ್.ಎಲ್. ನಾಗೇಗೌಡರು, ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಲ್ಲಿ. ಜಾನಪದ ಲೋಕವನ್ನು ಕಟ್ಟಿದ ಅದೇ ನಾಗೇಗೌಡರು.

ಕಡ್ಡಿರಾಂಪುರ ದಾಟುವ ಹೊತ್ತಿಗೆ ಬಸ್ಸಿನ ಕಿಟಕಿಯಲ್ಲಿ ಬಾಳೆತೋಟ, ಕಬ್ಬು, ಭತ್ತದ ಗದ್ದೆ. ನಡುನಡುವೆ ದಪ್ಪ ಕಲ್ಲಿನ ಕೋಟೆಗೋಡೆಯ ತುಂಡು. ಹಂಪಿ ಇನ್ನೂ ಬಂದಿಲ್ಲವೆಂದು ಬಹಳ ಮಂದಿ ಇಲ್ಲಿ ಮೊಬೈಲ್ ನೋಡುತ್ತ ಕೂತಿರುತ್ತಾರೆ. ವಿಜಯನಗರ ಶುರುವಾಗುವುದೇ ಇಲ್ಲಿ. ಪಟ್ಟಣಕ್ಕೆ ಏಳು ಸುತ್ತಿನ ಕೋಟೆ ಎಂದ ರಜಾಕ್, ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದವು, ಮೂರರಿಂದ ಏಳರವರೆಗೆ ಅಂಗಡಿ ಬೀದಿಗಳು ಕಿಕ್ಕಿರಿದಿದ್ದವು ಎಂದು ವಿವರಿಸಿದ್ದಾನೆ. ಅಂಗಡಿ ಬೀದಿ ಹೋಯಿತು, ಅರಮನೆ ಹೋಯಿತು. ಕೋಟೆಗೋಡೆಗಳ ನಡುವಿನ ಗದ್ದೆ ಮಾತ್ರ ಹಾಗೇ ಇದೆ. ತುಂಗಭದ್ರೆಯಿಂದ ಅಂದು ತೋಡಿದ ತುರ್ತು ಕಾಲುವೆಯ ನೀರೇ ಇವತ್ತಿಗೂ ಅವುಗಳಿಗೆ ಹರಿಯುತ್ತಿದೆ. ಹಂಪಿಯಲ್ಲಿ ಪಾಳು ಬೀಳದೆ ಉಳಿದ ಅತಿದೊಡ್ಡ ಸ್ಮಾರಕ ಯಾವುದೆಂದು ಕೇಳಿದರೆ ನಾನು ಈ ಕಾಲುವೆಯನ್ನು ತೋರಿಸುತ್ತೇನೆ. ಆರು ನೂರು ವರ್ಷದ ಕಾಲುವೆಯ ದಂಡೆಯಲ್ಲಿ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿರುವುದನ್ನು ನೋಡುವುದಕ್ಕೆ ಟಿಕೆಟ್ಟೂ ಬೇಡ.

ವಿರೂಪಾಕ್ಷನ ರಥಬೀದಿ ಮುಕ್ಕಾಲು ಕಿಲೋಮೀಟರ್ ಉದ್ದ. ಪೇಸ್ ಬಂದಾಗ ಇಲ್ಲಿ ಮೊಗಸಾಲೆಯ, ಉಪ್ಪರಿಗೆಯ ಮನೆಗಳಿದ್ದವು. ಯಾತ್ರಿಕರು ತಂಗಲು ಛತ್ರಗಳಿದ್ದವು. ರಾಯನದೇ ಒಂದು ಅರಮನೆಯೂ ಈ ಬೀದಿಯಲ್ಲಿತ್ತು. ಆಮೇಲಿನ ಕಾಲದಲ್ಲಿ ಈ ಕಲ್ಲುಮಂಟಪಗಳಲ್ಲೇ ಸಂಸಾರಗಳು ನೆಲೆಸಿ, ಅಂಗಡಿ, ಖಾನಾವಳಿ ಇಟ್ಟು ಬದುಕಿದವು. 2011ರ ಜುಲೈಯಲ್ಲಿ ಅವುಗಳನ್ನು ತೆರವು ಮಾಡಿದರು. ಸ್ಮಾರಕವನ್ನು ಕಾಪಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಊರು ಊರಾಗಿದ್ದಾಗ ಹಾದುಹೋದ ಪ್ರವಾಸಿಗಳು ಈ ಬೀದಿಯಲ್ಲಿ ಕಂಡದ್ದು ಜನವನ್ನು, ವ್ಯಾಪಾರವನ್ನು. ಬಿಕೋ ಎನ್ನುವ ಮಂಟಪಗಳ ಸಾಲನ್ನು ನೋಡಿದಾಗಲೆಲ್ಲ ಇದು ನೆನಪಾಗಿ ಮನಸ್ಸು ಭಾರವಾಗುತ್ತದೆ.

ಮಾತಂಗ ಬೆಟ್ಟವನ್ನು ಬಿಸಿಲೇರುವ ಮುಂಚೆ ಹತ್ತಬೇಕು. ಮೆಟ್ಟಿಲು ಒರಟು, ಕೆಲವೆಡೆ ಬಂಡೆಯ ಸಂದಿಯಲ್ಲೇ ದಾರಿ. ತುದಿಯಲ್ಲಿ ವೀರಭದ್ರನ ಗುಡಿ. ಪಟ್ಟಣದ ಅಳತೆ ಸಿಗಲೆಂದು ಪೇಸನೂ ಒಂದು ಗುಡ್ಡ ಹತ್ತಿದ್ದ. ಹತ್ತಿದರೂ ಪಟ್ಟಣ ಪೂರ್ತಿ ಕಾಣಲಿಲ್ಲ, ಗುಡ್ಡಗಳ ಸಾಲಿನ ಮರೆಯಲ್ಲಿ ಉಳಿದದ್ದೇ ಬಹಳ. ಕಂಡಷ್ಟರಲ್ಲೇ ಅದು ರೋಮಿನಷ್ಟು ದೊಡ್ಡದೆನಿಸಿತು. ಮನೆಗಳ ನಡುವೆ ತೋಪು, ತೋಪಿನ ನಡುವೆ ನೀರಿನ ಕಾಲುವೆ, ಅಲ್ಲಲ್ಲಿ ಕೆರೆ, ಅರಮನೆಯ ಬಳಿ ತೆಂಗು-ತಾಳೆಗಳ ತೋಟ ಕಂಡವು. ಜನಸಂಖ್ಯೆ ಬರೆದರೆ ಓದಿದವರು ಕಟ್ಟುಕತೆ ಎಂದಾರೆಂದು ಅವನಿಗೆ ಅಳುಕು. ಕೊನೆಗೆ ಒಂದು ಲಕ್ಷಕ್ಕೂ ಮಿಕ್ಕಿ ಮನೆಗಳಿರಬೇಕೆಂದು ಅಂದಾಜು ಹೇಳಿ ಮುಂದೆ ಹೋಗುತ್ತಾನೆ. ನಿಜ ಹೇಳುವವನಿಗಷ್ಟೇ ಬರುವ ಅಳುಕು ಅದು. ಅವನ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಸಾಲುಗಳಲ್ಲಿ.

ಬೆಟ್ಟದ ಮೇಲಿಂದ ದಕ್ಷಿಣಕ್ಕೆ ನೋಡಿದರೆ ಸಂಡೂರಿನ ಗುಡ್ಡಸಾಲು ನೀಲಿಯಾಗಿ ನಿಂತಿದೆ. ಪೂರ್ವಕ್ಕೆ ಹೊಳೆ ಹಿಡಿದು ಹೋದರೆ ಕಂಪ್ಲಿ. ಕಂಪ್ಲಿಯ ಪಾಲಿಗೂ ಒಬ್ಬ ಪರದೇಶಿ ಇದ್ದಾನೆ: ಮೊರೊಕ್ಕೊದ ಇಬ್ನ್ ಬತೂತ. ದಿಲ್ಲಿಯ ಸುಲ್ತಾನನಿಗೆ ತಿರುಗಿಬಿದ್ದು ಓಡಿಬಂದವನಿಗೆ ಆಸರೆ ಕೊಟ್ಟು, ಅದಕ್ಕಾಗಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಕಂಪಿಲರಾಯನ ಕತೆಯನ್ನು ಅವನು ಬರೆದಿದ್ದಾನೆ. ಗಂಡುಗಲಿ ಕುಮಾರರಾಮನ ತಂದೆ ಈ ಕಂಪಿಲರಾಯ. ವಿಜಯನಗರ ಹುಟ್ಟುವುದಕ್ಕೆ ಕೆಲವೇ ವರ್ಷ ಮುಂಚಿನ ಸಂಗತಿ ಇದು. ಸಂಡೂರು, ಕಂಪ್ಲಿಗಳನ್ನು ಅದೇ ದಿನದ ಪಟ್ಟಿಗೆ ಸೇರಿಸುವ ದುಡುಕು ಬೇಡ. ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೇ ಒಂದು ಹಗಲು ಬೇಕು.

ಬೆಟ್ಟ ಇಳಿದು ಚಕ್ರತೀರ್ಥಕ್ಕೆ ಬಂದರೆ ಕೋದಂಡರಾಮನ ಗುಡಿಯ ಮುಂದೆ ಹರಿಗೋಲು. ಪೇಸ್ ಆನೆಗೊಂದಿಯ ಕಡೆಗೆ ದಾಟಿಸುವ ದೋಣಿಗಳನ್ನು ನೋಡಿ ದಂಗಾಗಿದ್ದ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು. ಬೇಕಾದರೆ ಕುದುರೆ, ಎತ್ತನ್ನೂ ಹತ್ತಿಸಬಹುದಿತ್ತು, ಆದರೂ ಹೆಚ್ಚಾಗಿ ಅವು ಈಜಿಯೇ ದಾಟುತ್ತಿದ್ದವು. ಹುಟ್ಟು ಹಾಕಿದರೂ ದೋಣಿ ಗಿರಗಿರ ತಿರುಗುತ್ತಲೇ ಇರುತ್ತದೆಂಬುದು ಅವನ ಕಣ್ಣು ತಪ್ಪಲಿಲ್ಲ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಉಳಿದದ್ದೆಲ್ಲ ಅದೇ. ಸುಳಿಯ ಹತ್ತಿರ ಹರಿಗೋಲು ತಿರುಗಿ, ಕೂತ ಹೆಂಗಸರು ಹೋ ಎಂದು ಅಂಚು ಹಿಡಿದಾಗ ಅಂಬಿಗ ಹುಟ್ಟನ್ನು ಒಂದು ಮಗ್ಗುಲಿಗೆ ಒತ್ತಿ, “ಹೆದ್ರಬ್ಯಾಡ್ರಿ ಅಕ್ಕಾರ, ಇದು ತಿರುಗೋದೇ ಹಿಂಗ” ಎನ್ನುತ್ತಾನೆ.

ಹೊಳೆದಂಡೆಯ ಕಾಲುದಾರಿಯಲ್ಲಿ ವಿಠ್ಠಲನ ಗುಡಿಗೆ ನಡೆಯಬೇಕು. ಸುತ್ತಿಬಳಸಿ ವಾಹನದಲ್ಲಿ ಬರುವವರಿಗೆ ಈ ದಂಡೆ ಸಿಗುವುದಿಲ್ಲ. ಗುಡಿಯಲ್ಲಿ ಜನವೆಲ್ಲ ಐವತ್ತು ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥದ ಮುಂದೆ ಫೋಟೊ ಹೊಡೆಸಿಕೊಳ್ಳುತ್ತಾರೆ. ತಪ್ಪೇನಿಲ್ಲ. ಅದಾದ ಮೇಲೆ ಮಹಾಮಂಟಪದ ಅಧಿಷ್ಠಾನದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ: ಕುದುರೆಗಳ ಸಾಲು, ಕುದುರೆಯ ಪಕ್ಕದಲ್ಲಿ ನಮ್ಮವರದಲ್ಲದ ಉಡುಪಿನ, ಟೋಪಿಯ ಮನುಷ್ಯರು. ಭಟ್ಕಳ, ಗೋವೆಗಳ ಬಂದರಿನಲ್ಲಿ ಇಳಿದ ಕುದುರೆಗಳ ಜೊತೆ ಘಟ್ಟ ಹತ್ತಿ ಬಂದವರು. ದೇವರ ಗುಡಿಯ ತಳದಲ್ಲಿ ಅವರಿಗೂ ಜಾಗ ಕೊಟ್ಟಿದ್ದಾರೆ.

ಮಧ್ಯಾಹ್ನ ಕಮಲಾಪುರದಲ್ಲಿ ಊಟ ಮಾಡಿ, ಪುರಾತತ್ವ ಸಂಗ್ರಹಾಲಯದ ಅಂಗಳದಲ್ಲಿರುವ ಹಂಪಿಯ ದೊಡ್ಡ ಮಾದರಿಯನ್ನು ಒಂದು ಸುತ್ತು ಹಾಕಿದರೆ ಬೆಳಿಗ್ಗೆ ನಡೆದದ್ದು ಎಷ್ಟು, ಇನ್ನು ಉಳಿದದ್ದು ಎಷ್ಟು ಎಂಬುದು ಗೊತ್ತಾಗುತ್ತದೆ. ಅರಮನೆಯ ಆವರಣಕ್ಕೆ ಹೋಗುವುದು ನಾಲ್ಕರ ಬಿಸಿಲು ಇಳಿದ ಮೇಲೆಯೇ ಸರಿ.

ಈ ಆವರಣವೇ ಪ್ರವಾಸಿಗಳನ್ನು ಹೆಚ್ಚು ನಿರಾಸೆಗೊಳಿಸುವ ಜಾಗ. ಮಹಾನವಮಿ ದಿಬ್ಬ ಮತ್ತು ಮೆಟ್ಟಿಲು ಪುಷ್ಕರಣಿ ಬಿಟ್ಟರೆ ಬರೀ ಜಗಲಿಗಳು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದುಬಂದ ಪುಷ್ಕರಣಿಯಲ್ಲಿ ಕಪ್ಪು ಕಲ್ಲಿನ ಒಂದೊಂದು ಹಲಗೆಯ ಮೇಲೂ ಗುರುತು ಕೊರೆದಿದ್ದಾರೆ: ಇದು ಯಾವ ದಿಕ್ಕಿನದು, ಎಷ್ಟನೇ ಸಾಲಿನದು ಎಂದು. ಬೇರೆಲ್ಲೋ ಸಿದ್ಧಮಾಡಿ ತಂದು ಇಲ್ಲಿ ಜೋಡಿಸಿದ ಕಟ್ಟಡ ಅದು. ಅದರ ಆಚೆ ನೂರು ಕಂಬದ ಸಭಾಂಗಣ ಎಂದು ತೋರಿಸುವ ಕಡೆ ಕಂಬಗಳೇ ಇಲ್ಲ. ನೆಲದಲ್ಲಿ ಸಾಲಾಗಿ ಕಂಬ ನಿಲ್ಲಿಸುತ್ತಿದ್ದ ಕಲ್ಲಿನ ಕುಳಿಗಳಷ್ಟೇ ಇವೆ. ಮೇಲಿದ್ದದ್ದೆಲ್ಲ ಮರ. ರಾಜಧಾನಿ ಪಾಳು ಬೀಳಲು ಕಾರಣವಾದ 1565ರ ಜನವರಿಯ ಕಾಳಗದ ಬೆನ್ನಿಗೆ ಬಿದ್ದ ಬೆಂಕಿಯಲ್ಲಿ ಹೋಯಿತು. ಆ ಮರದ ಅರಮನೆಗಳ ಒಳಗೆ ಏನಿತ್ತೆಂದು ತಿಳಿಯಲು ಪೇಸನನ್ನೇ ಕೇಳಬೇಕು. ಅವನು ಒಳಗೆ ಹೋಗಿ ನೋಡಿ ಬಂದವನು.

ಅವನು ಬಂದದ್ದು ಕ್ರಿಸ್ತೊವಾವ್ ಡಿ ಫಿಗೆರೆಡೊ ಎಂಬ ಮುಖ್ಯಸ್ಥನ ತಂಡದಲ್ಲಿ. ನಾಗಲಾಪುರದಲ್ಲಿ ರಾಯನ ದರ್ಶನವಾಯಿತು: ನಡುಎತ್ತರದ ಆಳು, ಮೈಕಟ್ಟು ಸ್ವಲ್ಪ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆ, ಬಿಳಿಯ ಬಟ್ಟೆಯ ಮೇಲೆ ಚಿನ್ನದ ಗುಲಾಬಿಗಳ ಕಸೂತಿ, ಕೊರಳಲ್ಲಿ ವಜ್ರದ ಸರ, ಬರಿಗಾಲು. ರಾಯ ದಿನವೂ ನಸುಕಿಗೆ ಮುಂಚೆಯೇ ಎಳ್ಳೆಣ್ಣೆ ಕುಡಿದು, ಮೈಗೂ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಆಡಿ, ಬೆಳಗಾಗುವವರೆಗೆ ಕುದುರೆ ಸವಾರಿ ಮಾಡುತ್ತಿದ್ದನೆಂಬುದನ್ನೂ ಪೇಸ್ ತಿಳಿದು ಬರೆದ. ಅತಿಥಿಗಳ ಬಿಡಾರಕ್ಕೆ ಕುರಿ, ಕೋಳಿ, ಬೆಣ್ಣೆ, ಜೇನಿನ ಕೊಡಗಳು ಬಂದವು. ಅರಮನೆ ನೋಡಬೇಕೆಂಬ ಅವರ ಆಸೆಗೆ ರಾಯ ಒಪ್ಪಿದ. ತೋರಿಸಲು ಬಂದವನು ಸಾಮಾನ್ಯ ಮಾರ್ಗದರ್ಶಿಯಲ್ಲ, ಸಾಳುವ ತಿಮ್ಮರಸನ ತಮ್ಮ, ಪಟ್ಟಣದ ಅಧಿಪತಿ ಗಂಡರಾಜ.

ಬಾಗಿಲಲ್ಲಿ ಎಷ್ಟು ಜನ ಎಂದು ಎಣಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಒಂದು ಕೋಣೆ ಇಡೀ ದಂತದ್ದು. ಗೋಡೆ ಅಡಿಯಿಂದ ಮುಡಿಯವರೆಗೆ ದಂತ, ಕಂಬದ ತುದಿಗಳಲ್ಲಿ ದಂತದಲ್ಲೇ ಕಡೆದ ಗುಲಾಬಿ, ತಾವರೆ. ಬೆಳ್ಳಿಯ ಮಂಚ, ಚಿನ್ನದ ಹಂಡೆಗಳು. ನಾಟ್ಯಶಾಲೆಯೊಂದಿತ್ತು, ಉದ್ದ ಹೆಚ್ಚು, ಅಗಲ ಕಡಿಮೆ. ಅಲ್ಲಿನ ಫಲಕಗಳಲ್ಲಿ ಕೆತ್ತಿದ ನರ್ತಕಿಯರು ಒಂದೊಂದು ನೃತ್ಯ ಮುಗಿಯುವಾಗಿನ ಭಂಗಿಯಲ್ಲಿ ನಿಂತಿದ್ದರು. ಕಲಿಯುವ ಹುಡುಗಿಗೆ ಮುಕ್ತಾಯ ಮರೆತುಹೋದರೆ ಫಲಕ ನೋಡಿ ನೆನಪು ಮಾಡಿಕೊಳ್ಳಲಿ ಎಂದು ಈ ಏರ್ಪಾಡು. ಕೊನೆಯಲ್ಲಿ, ಕೈಯಿಂದ ಹಿಡಿದು ಜೋತು ಮೈಕಾಲು ಸಡಿಲಿಸಿಕೊಳ್ಳಲು ಒಂದು ಗೂಡು. ಒಂದು ಸಾಮ್ರಾಜ್ಯದ ವೈಭವ ಎಂಬ ಸವಕಲು ಮಾತಿನಲ್ಲಿ ಇದೆಲ್ಲ ಕಾಣುವುದಿಲ್ಲ. ಕಾಲು ನೋಯಿಸಿಕೊಂಡು ಅಭ್ಯಾಸ ಮಾಡುತ್ತಿದ್ದ ಒಬ್ಬ ಹುಡುಗಿ ಕಾಣುವುದು ಪೇಸನ ಈ ಪುಟದಲ್ಲಿ. ರಾಣೀವಾಸದ ಕಡೆಗೆ ಮಾತ್ರ ಅವರನ್ನು ಬಿಡಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿಸಿ, ಬಾಗಿಲಲ್ಲಿ ಮತ್ತೊಮ್ಮೆ ಎಣಿಸಿ ಹೊರಗೆ ಕಳಿಸಿದರು.

ಅದೇ ಅರಮನೆಯ ಗೋಡೆಯ ಮೇಲೆ ಒಂದು ಚಿತ್ರಸಾಲು ಇತ್ತು. ಇಲ್ಲಿಗೆ ಬಂದುಹೋದ ನಾನಾ ದೇಶದವರ ಬದುಕಿನ ರೀತಿಯನ್ನು, ಪೋರ್ಚುಗೀಸರವರೆಗೂ, ಕುರುಡರು ಭಿಕ್ಷುಕರನ್ನೂ ಬಿಡದೆ, ಅದರಲ್ಲಿ ಬರೆದಿದ್ದರು. ಹೊರಗೆ ಬಾರದ ರಾಣಿಯರು ಲೋಕದಲ್ಲಿ ಯಾರು ಹೇಗೆ ಬದುಕುತ್ತಾರೆಂದು ತಿಳಿಯಲಿ ಎಂಬುದು ಉದ್ದೇಶ. ಪೇಸ್ ಪಟ್ಟಣ ನೋಡಲು ಬಂದಿದ್ದ. ಪಟ್ಟಣ ಅವನವರನ್ನು ಆಗಲೇ ನೋಡಿ, ಬರೆಸಿ, ಗೋಡೆಗೆ ಏರಿಸಿತ್ತು. ಬಣ್ಣದ ಗೋಡೆ ಹೋಗಿದೆ, ಕಲ್ಲಿನದು ಇದೆ. ಹಜಾರರಾಮನ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಪದಾತಿ, ನರ್ತಕಿಯರ ಸಾಲುಗಳ ಜೊತೆ ಪರದೇಶದವರೂ ನಡೆದಿದ್ದಾರೆ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲೂ ಟೋಪಿಯವರು, ಕುದುರೆ ಮಾರುವವರು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಗಡ್ಡದ ಗೆರೆ, ಟೋಪಿಯ ಅಂಚು ಎದ್ದು ಕಾಣುತ್ತದೆ. ಸಂಜೆ ಇಲ್ಲಿಗೆ ಬರಬೇಕೆನ್ನಲು ಇದೂ ಒಂದು ಕಾರಣ.

ಹಜಾರರಾಮನ ಗುಡಿಯ ಮುಂದಿನ ಬೀದಿ ಪಾನಸುಪಾರಿ ಬಜಾರ್. ಇಮ್ಮಡಿ ದೇವರಾಯ 1426ರಲ್ಲಿ ಇಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ವೀಳ್ಯದ ಗುಣಗಾನಕ್ಕೆ ರಜಾಕ್ ಸಾಕಷ್ಟು ಮಸಿ ಖರ್ಚು ಮಾಡಿದ್ದಾನೆ. ಅರಮನೆಯ ಸುತ್ತಲ ಅಂಗಡಿಬೀದಿಗಳಲ್ಲಿ ರತ್ನಪಡಿ ವ್ಯಾಪಾರಿಗಳು ಮಾಣಿಕ್ಯ, ಮುತ್ತು, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರು, ನಯವಾಗಿ ಕಡೆದ ಕಲ್ಲಿನ ದೋಣಿಗಳಲ್ಲಿ ನೀರು ಹರಿಯುತ್ತಿತ್ತು ಎನ್ನುತ್ತಾನೆ. ಗುಲಾಬಿಯಿಲ್ಲದೆ ಈ ಜನಕ್ಕೆ ಬದುಕೇ ಇಲ್ಲ, ಅನ್ನದಷ್ಟೇ ಅದೂ ಬೇಕು ಎಂದು ಸೋಜಿಗಪಟ್ಟ. ಪೇಸನಿಗೆ ಹಿಡಿಸಿದ್ದು ಸಂಜೆಯ ಸಂತೆ: ತಟ್ಟುಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಯ, ಸೌದೆ. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ಹೇರಿದ ಎತ್ತುಗಳ ಸಾಲು ಎದುರಾದರೆ ಬೀದಿಯಲ್ಲಿ ದಾಟಿ ಹೋಗುವುದೇ ಕಷ್ಟವಾಗುತ್ತಿತ್ತು. ಹೊಸಪೇಟೆಯ ಸಂಜೆಯ ಮಾರುಕಟ್ಟೆಯಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡವರಿಗೆ ಆ ಇಕ್ಕಟ್ಟು ಊಹೆಗೆ ನಿಲುಕದ್ದೇನಲ್ಲ.

ಕೊನೆಗೆ ಬಂದವನು ಇನ್ನೊಬ್ಬ ವೆನಿಸ್ಸಿನವನು, ಸೀಸರ್ ಫ್ರೆಡರಿಕ್, 1567ರಲ್ಲಿ. ಕಾಳಗ ಮುಗಿದು ಎರಡು ವರ್ಷವಾಗಿತ್ತು. ಮನೆಗಳು ಇನ್ನೂ ನಿಂತಿದ್ದವು, ಒಳಗೆ ಮನುಷ್ಯರಿರಲಿಲ್ಲ. ಹುಲಿ ಮತ್ತಿತರ ಕಾಡುಮೃಗಗಳು ಸೇರಿಕೊಂಡಿವೆ ಎಂದು ಜನ ಹೇಳುತ್ತಿದ್ದರು. ರಾಜಧಾನಿಯನ್ನು ಮತ್ತೆ ಎತ್ತಿ ನಿಲ್ಲಿಸಲು ಆಗ ಅಧಿಕಾರ ಹಿಡಿದಿದ್ದ ತಿರುಮಲರಾಯ ಕುದುರೆ ವ್ಯಾಪಾರಿಗಳನ್ನು ಕರೆಸಿದ, ಕುದುರೆ ಇಟ್ಟುಕೊಂಡ, ಹಣ ಕೊಡಲಾಗಲಿಲ್ಲ. ಏಳು ತಿಂಗಳು ಇಲ್ಲಿದ್ದ ಫ್ರೆಡರಿಕ್ ಬರೆದದ್ದು ಇಷ್ಟು. ಪೇಸನನ್ನು ಓದಿದ ಮೇಲೆ ಇದನ್ನು ಓದುವುದು ಕಷ್ಟ.

ಇಷ್ಟು ಶ್ರೀಮಂತವಾದ ಸಾಕ್ಷ್ಯ ಕೈಯಲ್ಲಿದ್ದೂ ಹಂಪಿಯ ಜಗಲಿಗಳ ಮುಂದಿನ ಫಲಕಗಳು ಹೆಚ್ಚಾಗಿ ಹೇಳುವುದು ಕಟ್ಟಡದ ಅಳತೆ, ಕಾಲ ಮತ್ತು ಶೈಲಿಯನ್ನು. ಕಂಬವಿಲ್ಲದ ಸಭಾಂಗಣದ ಮುಂದೆ ದಂತದ ಕೋಣೆಯ ಬಗ್ಗೆ, ಪಾನಸುಪಾರಿ ಬೀದಿಯಲ್ಲಿ ರಜಾಕನ ಗುಲಾಬಿಯ ಬಗ್ಗೆ, ಹೊಳೆದಂಡೆಯಲ್ಲಿ ತಿರುಗುವ ಹರಿಗೋಲಿನ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿದರೆ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಆ ಜಗಲಿಗಳ ಮುಂದೆ ನಿಲ್ಲುತ್ತಾರೆ. ದೊಡ್ಡ ಖರ್ಚಿನ ಕೆಲಸವೇನಲ್ಲ. ಹೊಸ ಜಿಲ್ಲೆಯಾಗಿ, ವಿಜಯನಗರವೆಂಬ ಹೆಸರನ್ನೇ ಹೊತ್ತ ಮೇಲೆ ಇದು ಆಗಲೇಬೇಕಾದ ಕೆಲಸ. ಕಮಲಾಪುರದ ಪಕ್ಕದಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ, ಬರೆದುಕೊಡುವವರಿಗೆ ಕೊರತೆಯಿಲ್ಲ.

ಅಲ್ಲಿಯವರೆಗೆ ನಾವೇ ಆ ಪುಟಗಳನ್ನು ಹೊತ್ತು ಹೋಗೋಣ. ನಾಗೇಗೌಡರ ಸಂಪುಟ ನಿಮ್ಮೂರ ಗ್ರಂಥಾಲಯದಲ್ಲಿ ಸಿಗುತ್ತದೋ ನೋಡಿ, ಪೇಸನ ಭಾಗವನ್ನು ಹಿಂದಿನ ರಾತ್ರಿಯೇ ಓದಿ ಮುಗಿಸಿ. ಬೆಳಿಗ್ಗೆ ಆರಕ್ಕೆ ಹೊಸಪೇಟೆ ಬಿಡಿ, ಗಟ್ಟಿಯಾದ ಚಪ್ಪಲಿ ಮೆಟ್ಟಿ, ನೀರು ಹೆಚ್ಚಿಗೆ ಇಟ್ಟುಕೊಳ್ಳಿ. ರಜಾಕನಂತೆ ಏಪ್ರಿಲ್‌ನಲ್ಲಿ ಹೋಗದೆ ಕಾರ್ತಿಕದಿಂದ ಮಾಘದ ಒಳಗೆ ಹೋಗಿ.